ಬಳಕೆಯಾದ ಅಣು ಇಂಧನದ ಮರುಸಂಸ್ಕರಣೆಯಲ್ಲಿ ಅಯೋಡಿನ್‌ನ ವರ್ತನೆ – ಸಾರ್ವಜನಿಕರ ಮಾಹಿತಿಗಾಗಿ

ವಿಜಯನಗರ ಜಿಲ್ಲೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನಾಗರಿಕರಿಗೆ ಅಯೋಡಿನ್ ಎಂಬ ಹೆಸರು ಹೊಸದಲ್ಲ. ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಆ ಹೆಸರು ಅಚ್ಚಾಗಿರುತ್ತದೆ. ಗಳಗಂಡ ರೋಗವನ್ನು ತಡೆಯಲು ಉಪ್ಪಿಗೆ ಅಯೋಡಿನ್ ಸೇರಿಸಲಾಗುತ್ತದೆ ಎಂಬುದನ್ನು ಶಾಲಾ ಮಕ್ಕಳೂ ಬಲ್ಲರು. ಅಣುವಿದ್ಯುತ್ ಸ್ಥಾವರಗಳ ವಿಷಯ ಬಂದಾಗಲೂ ಇದೇ ಹೆಸರು ಕೇಳಿಬರುತ್ತದೆ, ಆದರೆ ಆಗ ಅದು ಭಯದ ಧ್ವನಿಯಲ್ಲಿರುತ್ತದೆ. ರಾಜ್ಯದಲ್ಲಿಯೇ ಅಣುವಿದ್ಯುತ್ ಸ್ಥಾವರವೊಂದು ಇರುವುದರಿಂದ, ಅಲ್ಲಿ ಬಳಕೆಯಾದ ಇಂಧನ ಏನಾಗುತ್ತದೆ, ಅದರಿಂದ ವಿಕಿರಣಶೀಲ ಅಯೋಡಿನ್ ಹೊರಬರುವುದೇ, ಮುನ್ನೆಚ್ಚರಿಕೆಯಾಗಿ ಮಾತ್ರೆ ತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆಗಳು ಮೂಡುವುದು ಸಹಜ. ಇಂಧನದ ಮರುಸಂಸ್ಕರಣೆಯ ಸಂದರ್ಭದಲ್ಲಿ ಅಯೋಡಿನ್ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಯದೆ ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆಯುವುದಿಲ್ಲವಾದ್ದರಿಂದ, ಸದರಿ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೀಡಲಾಗಿದೆ.

ಕೈಗಾ ಸ್ಥಾವರ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯ ಮೇಲೆ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಇಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿದ್ದು, ಮೊದಲ ಎರಡು ಘಟಕಗಳು 2000ನೇ ಇಸವಿಯಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಕೊಟ್ಟೂರು ಮತ್ತು ಕೈಗಾ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಕೈಗಾದಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಸುಮಾರು 190 ಕಿ.ಮೀ. ದೂರದಲ್ಲಿ ಕೊಟ್ಟೂರು ಸಿಗುತ್ತದೆ.

ಕೈಗಾದಲ್ಲಿ ಮರುಸಂಸ್ಕರಣಾ ಸ್ಥಾವರವಿಲ್ಲ. ಕರ್ನಾಟಕದಲ್ಲಿ ಬೇರೆಲ್ಲಿಯೂ ವಿದ್ಯುತ್ ಸ್ಥಾವರದ ಇಂಧನವನ್ನು ಮರುಸಂಸ್ಕರಿಸುವ ಘಟಕವಿಲ್ಲ. ದೇಶದಲ್ಲಿ ಈ ಕಾರ್ಯ ನಡೆಯುವುದು ಮಹಾರಾಷ್ಟ್ರದ ಟ್ರಾಂಬೆ ಮತ್ತು ತಾರಾಪುರ, ತಮಿಳುನಾಡಿನ ಕಲ್ಪಾಕ್ಕಂ – ಈ ಮೂರು ಸ್ಥಳಗಳಲ್ಲಿ. ಟ್ರಾಂಬೆಯ ಘಟಕ 1960ರ ದಶಕದ ಮಧ್ಯಭಾಗದಲ್ಲಿ ಕಾರ್ಯಾರಂಭ ಮಾಡಿತು. ತಾರಾಪುರದ ಮೊದಲ ಘಟಕ 1970ರ ದಶಕದಲ್ಲಿ, ಕಲ್ಪಾಕ್ಕಂ ಘಟಕ 1998ರಲ್ಲಿ, ತಾರಾಪುರದ ಎರಡನೆಯ ಘಟಕ 2011ರಲ್ಲಿ ಬಂದವು. ಬಳಕೆಯಾದ ಇಂಧನವನ್ನು ತ್ಯಾಜ್ಯವೆಂದು ಹೂಳದೆ, ಅದರಲ್ಲಿ ಉಳಿದಿರುವ ಯುರೇನಿಯಂ ಮತ್ತು ಹೊಸದಾಗಿ ಹುಟ್ಟಿರುವ ಪ್ಲುಟೋನಿಯಂಗಳನ್ನು ಬೇರ್ಪಡಿಸಿ ಮತ್ತೆ ಬಳಸುವುದು ಭಾರತದ ಅಣುಶಕ್ತಿ ಕಾರ್ಯಕ್ರಮದ ಮೂಲ ನೀತಿಯಾಗಿದೆ. ಹೀಗೆ ಬೇರ್ಪಡಿಸುವ ರಾಸಾಯನಿಕ ಕ್ರಿಯೆಗೆ ಮರುಸಂಸ್ಕರಣೆ ಎಂದು ಹೆಸರು.

ಇಂಧನದೊಳಗೆ ಅಯೋಡಿನ್ ಬರುವ ಬಗೆ

ಕೈಗಾದ ಮಾದರಿಯ ಭಾರಜಲ ಸ್ಥಾವರದಲ್ಲಿ ಇಂಧನವು ಸುಮಾರು ಅರ್ಧ ಮೀಟರ್ ಉದ್ದದ ಕಟ್ಟುಗಳ ರೂಪದಲ್ಲಿರುತ್ತದೆ. ಒಂದು ಕಟ್ಟಿನಲ್ಲಿ 19 ಕೊಳವೆಗಳು. ಜಿರ್ಕೋನಿಯಂ ಮಿಶ್ರಲೋಹದ ಈ ಕೊಳವೆಗಳೊಳಗೆ ಯುರೇನಿಯಂ ಡೈಆಕ್ಸೈಡ್‌ನ ಬಿಲ್ಲೆಗಳನ್ನು ತುಂಬಿ ಬಾಯಿ ಮುಚ್ಚಲಾಗಿರುತ್ತದೆ. 220 ಮೆಗಾವಾಟ್‌ನ ಒಂದು ಘಟಕದಲ್ಲಿ 306 ನಾಳಗಳಿದ್ದು, ಪ್ರತಿ ನಾಳದಲ್ಲಿ 12ರಂತೆ ಒಟ್ಟು 3,672 ಕಟ್ಟುಗಳು ಇರುತ್ತವೆ.

ಯುರೇನಿಯಂ ಪರಮಾಣು ಒಡೆದಾಗ ಎರಡು ಹಗುರ ಪರಮಾಣುಗಳಾಗುತ್ತವೆ. ಪ್ರತಿ ಬಾರಿಯೂ ಅದು ಒಂದೇ ರೀತಿಯಲ್ಲಿ ಒಡೆಯುವುದಿಲ್ಲವಾದ್ದರಿಂದ ಇಂಧನದೊಳಗೆ ಹತ್ತಾರು ಮೂಲಧಾತುಗಳು ಸೇರಿಕೊಳ್ಳುತ್ತವೆ. ಅವುಗಳಲ್ಲಿ ಅಯೋಡಿನ್ ಕೂಡ ಒಂದು. ಯುರೇನಿಯಂ–235ರ ಪ್ರತಿ 100 ವಿದಳನಗಳಲ್ಲಿ ಸುಮಾರು ಮೂರರಿಂದ ಅಯೋಡಿನ್–131 ದೊರೆಯುತ್ತದೆ. ಅಯೋಡಿನ್–129 ದೊರೆಯುವುದು ಒಂದಕ್ಕಿಂತ ಕಡಿಮೆ ವಿದಳನಗಳಿಂದ. ಪರಮಾಣು ಭಾರದಲ್ಲಿ ಎರಡರಷ್ಟೇ ವ್ಯತ್ಯಾಸವಿರುವ ಇವೆರಡಕ್ಕೂ ರಾಸಾಯನಿಕ ಗುಣ ಒಂದೇ. ಆಮ್ಲಕ್ಕಾಗಲಿ, ಬೆಳ್ಳಿಗಾಗಲಿ, ಮನುಷ್ಯನ ಥೈರಾಯ್ಡ್ ಗ್ರಂಥಿಗಾಗಲಿ ಇವುಗಳ ನಡುವೆ ಭೇದ ತಿಳಿಯುವುದಿಲ್ಲ. ಉಪ್ಪಿನಲ್ಲಿರುವ ಸಾಧಾರಣ ಅಯೋಡಿನ್–127 ಕೂಡ ಇವುಗಳ ಸಹೋದರನೇ. ಅದು ಮಾತ್ರ ವಿಕಿರಣಶೀಲವಲ್ಲ.

ಭೇದವಿರುವುದು ಆಯುಷ್ಯದಲ್ಲಿ. ಅಯೋಡಿನ್–131ರ ಅರ್ಧಾಯುಷ್ಯ ಸುಮಾರು 8 ದಿನ. ಅಂದರೆ ಪ್ರತಿ 8 ದಿನಗಳಿಗೊಮ್ಮೆ ಅದು ಅರ್ಧದಷ್ಟಾಗುತ್ತದೆ. ಅಯೋಡಿನ್–129ರ ಅರ್ಧಾಯುಷ್ಯ ಸುಮಾರು 1 ಕೋಟಿ 57 ಲಕ್ಷ ವರ್ಷ. ಬೇಗನೆ ಕ್ಷಯಿಸುವ ವಸ್ತು ತೀವ್ರವಾಗಿ ವಿಕಿರಣ ಸೂಸುತ್ತದೆ. ನಿಧಾನವಾಗಿ ಕ್ಷಯಿಸುವುದು ಮಂದವಾಗಿ ಸೂಸುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಅಯೋಡಿನ್–131 ತನ್ನ ಸಹೋದರನಿಗಿಂತ ಸುಮಾರು 70 ಕೋಟಿ ಪಟ್ಟು ಹೆಚ್ಚು ವಿಕಿರಣಶೀಲವಾಗಿದೆ. ಒಂದು ಉಗ್ರವಾದದ್ದು, ಆದರೆ ಅಲ್ಪಾಯು. ಇನ್ನೊಂದು ಮಂದವಾದದ್ದು, ಆದರೆ ಮನುಷ್ಯಕುಲದ ಲೆಕ್ಕದಲ್ಲಿ ಶಾಶ್ವತವೆನ್ನಬಹುದಾದದ್ದು. ಸಾರ್ವಜನಿಕ ಚರ್ಚೆಗಳಲ್ಲಿ ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಬಹಳಷ್ಟು ಗೊಂದಲ ಉಂಟಾಗಿದೆ.

ಕಾಯುವಿಕೆಯ ಲೆಕ್ಕ

ಸ್ಥಾವರದಿಂದ ಹೊರತೆಗೆದ ಇಂಧನದ ಕಟ್ಟುಗಳನ್ನು ಕೂಡಲೇ ಮರುಸಂಸ್ಕರಣೆಗೆ ಒಯ್ಯುವುದಿಲ್ಲ. ಅವುಗಳನ್ನು ಆಳವಾದ ನೀರಿನ ಕೊಳದಲ್ಲಿ ಇಡಲಾಗುತ್ತದೆ. ನೀರು ಅವುಗಳ ಶಾಖವನ್ನು ಹೀರಿಕೊಳ್ಳುತ್ತದೆ ಮತ್ತು ವಿಕಿರಣವನ್ನು ತಡೆಯುತ್ತದೆ. ಈ ಅವಧಿಯಲ್ಲಿ ಅಯೋಡಿನ್–131 ತಾನಾಗಿಯೇ ಕರಗಿಹೋಗುತ್ತದೆ. 80 ದಿನಗಳಲ್ಲಿ ಅದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆರು ತಿಂಗಳಲ್ಲಿ ಅರ್ಧ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಒಂದು ವರ್ಷ ಕಳೆದ ಇಂಧನದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವ ಅಗತ್ಯವೇ ಇರುವುದಿಲ್ಲ. ಈ ಕೆಲಸಕ್ಕೆ ಯಾವ ಯಂತ್ರವೂ, ಯಾವ ರಾಸಾಯನಿಕವೂ ಬೇಕಿಲ್ಲ, ತಾಳ್ಮೆಯೊಂದೇ ಸಾಕು.

ಈ ತಾಳ್ಮೆಯನ್ನು ಉದ್ದೇಶಪೂರ್ವಕವಾಗಿ ಮೀರಿದ ಒಂದು ಪ್ರಕರಣ ಇತಿಹಾಸದಲ್ಲಿ ದಾಖಲಾಗಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್ ಎಂಬಲ್ಲಿ ಅಣ್ವಸ್ತ್ರಕ್ಕಾಗಿ ಪ್ಲುಟೋನಿಯಂ ತಯಾರಿಸುವ ಸ್ಥಾವರವಿತ್ತು. 1949ರ ಡಿಸೆಂಬರ್ ಆರಂಭದಲ್ಲಿ ಅಲ್ಲಿ ಕೇವಲ 16 ದಿನ ತಣಿಸಿದ ಇಂಧನವನ್ನು ಆಮ್ಲದಲ್ಲಿ ಕರಗಿಸಲಾಯಿತು. 16 ದಿನವೆಂದರೆ ಎರಡು ಅರ್ಧಾಯುಷ್ಯ. ಅಯೋಡಿನ್–131ರ ಕಾಲು ಭಾಗ ಇನ್ನೂ ಇಂಧನದಲ್ಲಿಯೇ ಇತ್ತು. ಸೋವಿಯತ್ ಒಕ್ಕೂಟದ ಸ್ಥಾವರಗಳನ್ನು ದೂರದಿಂದ ಗುರುತಿಸುವ ಉಪಕರಣಗಳನ್ನು ಪರೀಕ್ಷಿಸುವುದು ಇದರ ಉದ್ದೇಶವಾಗಿದ್ದುದರಿಂದ, ಹೊಗೆಯನ್ನು ತೊಳೆಯುವ ಸಾಧನವನ್ನೂ ನಡೆಸಿರಲಿಲ್ಲ. ಸುಮಾರು 8,000 ಕ್ಯೂರಿಯಷ್ಟು ಅಯೋಡಿನ್–131 ಗಾಳಿಗೆ ಸೇರಿತೆಂದು ಅಂದಾಜಿಸಲಾಗಿದೆ. ಇದಕ್ಕೂ ಮೊದಲು, ಯುದ್ಧಕಾಲದ ಅವಸರದಲ್ಲಿ ತಣಿಸುವ ಅವಧಿಯನ್ನು ಕಡಿಮೆ ಮಾಡಿದ್ದರಿಂದ ಅದೇ ಸ್ಥಳದಿಂದ ಹೊರಬಿದ್ದ ಪ್ರಮಾಣ ಇದಕ್ಕಿಂತ ಬಹುಪಾಲು ಹೆಚ್ಚು. 1944ರಿಂದ 1951ರವರೆಗಿನ ಒಟ್ಟು ಪ್ರಮಾಣ 7 ಲಕ್ಷ ಕ್ಯೂರಿಗಳಿಗೂ ಹೆಚ್ಚೆಂದು ನಂತರದ ಅಧ್ಯಯನ ಲೆಕ್ಕಹಾಕಿತು. ಸುತ್ತಲಿನ ಹುಲ್ಲುಗಾವಲುಗಳ ಮೇಲೆ ಬಿದ್ದ ಅಯೋಡಿನ್ ಹಸುಗಳ ಮೂಲಕ ಹಾಲಿಗೆ, ಹಾಲಿನ ಮೂಲಕ ಮಕ್ಕಳಿಗೆ ತಲುಪುವ ದಾರಿ ಅದು. ಅಲ್ಲಿನ ನಿವಾಸಿಗಳಿಗೆ ಈ ವಿಷಯ ತಿಳಿದದ್ದು 1986ರಲ್ಲಿ, ಸುಮಾರು 19,000 ಪುಟಗಳ ದಾಖಲೆಗಳನ್ನು ಸರ್ಕಾರ ಬಿಡುಗಡೆ ಮಾಡಿದಾಗ. ಆ ವೇಳೆಗೆ ಆಗಿನ ಮಕ್ಕಳು ನಡುವಯಸ್ಸನ್ನು ತಲುಪಿದ್ದರು.

ಆದ್ದರಿಂದ ಮರುಸಂಸ್ಕರಣೆಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇಂಧನವನ್ನು ಎಷ್ಟು ಕಾಲ ತಣಿಸಲಾಗಿದೆ ಎಂಬುದು. ಸಾಕಷ್ಟು ತಣಿಸಿದ ಇಂಧನದಲ್ಲಿ ಉಳಿಯುವ ಅಯೋಡಿನ್ ಎಂದರೆ ಅಯೋಡಿನ್–129 ಮತ್ತು ಸ್ವಲ್ಪ ಸಾಧಾರಣ ಅಯೋಡಿನ್–127 ಮಾತ್ರ. ಭಾರಜಲ ಸ್ಥಾವರದ ಒಂದು ಟನ್ ಇಂಧನದಲ್ಲಿ ಇದರ ತೂಕ ಕೆಲವು ಹತ್ತು ಗ್ರಾಂಗಳಷ್ಟು. ಅಯೋಡಿನ್–129ರ ವಿಷಯದಲ್ಲಿ ಕಾಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಅದನ್ನು ರಸಾಯನಶಾಸ್ತ್ರದಿಂದಲೇ ಹಿಡಿಯಬೇಕು.

ಆಮ್ಲದ ಪಾತ್ರೆಯಲ್ಲಿ ನಡೆಯುವುದೇನು?

ಅಯೋಡಿನ್‌ಗೆ ಮೂರು ಮುಖ್ಯ ರೂಪಗಳಿವೆ ಎಂದು ತಿಳಿದರೆ ಮುಂದಿನ ವಿವರಣೆ ಸುಲಭವಾಗುತ್ತದೆ. ಮೊದಲನೆಯದು ಅಯೋಡೈಡ್, ಇದು ಉಪ್ಪಿನಂತಹ ರೂಪ. ಎರಡನೆಯದು ಮೂಲಧಾತು ಅಯೋಡಿನ್. ಕಪ್ಪು ಹೊಳಪಿನ ಈ ಹರಳುಗಳು ಸ್ವಲ್ಪ ಬಿಸಿ ತಾಗಿದರೂ ನೇರಳೆ ಬಣ್ಣದ ಆವಿಯಾಗುತ್ತವೆ. ಮೂರನೆಯದು ಆಮ್ಲಜನಕದೊಂದಿಗೆ ಕೂಡಿದ ಅಯೋಡೇಟ್. ಇದು ಆವಿಯಾಗದೆ ದ್ರಾವಣದಲ್ಲಿಯೇ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಉಪ್ಪಿಗೆ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟನ್ನು, ಅಂದರೆ ಮೂರನೆಯ ರೂಪವನ್ನು. ಮಳೆಗಾಲದ ತೇವದಲ್ಲಿ ಅಯೋಡೈಡ್ ನಿಧಾನವಾಗಿ ಮೂಲಧಾತುವಾಗಿ ಬದಲಾಗಿ ಹಾರಿಹೋಗುವ ಸಂಭವವಿರುವುದರಿಂದ, ಸ್ಥಿರವಾಗಿ ನಿಲ್ಲುವ ಅಯೋಡೇಟನ್ನು ಆಯ್ದುಕೊಳ್ಳಲಾಗಿದೆ. ಉಪ್ಪಿನ ವಿಷಯದಲ್ಲಿ ಅಯೋಡಿನ್ ಹಾರಿಹೋಗಬಾರದು. ಮರುಸಂಸ್ಕರಣೆಯಲ್ಲಿ ಅದು ಪೂರ್ತಿಯಾಗಿ, ಆದರೆ ನಿಗದಿತ ಜಾಗದಲ್ಲಿ ಮಾತ್ರ ಹಾರಬೇಕು.

ಇಂಧನದೊಳಗೆ ಅಯೋಡಿನ್ ಬಹುಮಟ್ಟಿಗೆ ಮೊದಲ ರೂಪದಲ್ಲಿ, ಸೀಸಿಯಂ ಜೊತೆ ಕೂಡಿಕೊಂಡು ಇರುತ್ತದೆಂದು ತಿಳಿಯಲಾಗಿದೆ. ವಿದಳನದಿಂದ ಅಯೋಡಿನ್‌ಗಿಂತ ಸೀಸಿಯಂ ಹಲವು ಪಟ್ಟು ಹೆಚ್ಚಾಗಿ ಹುಟ್ಟುವುದರಿಂದ ಜೊತೆಗೆ ಕೊರತೆಯಿಲ್ಲ. ಮರುಸಂಸ್ಕರಣಾ ಸ್ಥಾವರದಲ್ಲಿ ದಪ್ಪ ಗೋಡೆಗಳ ಹಿಂದೆ, ದೂರನಿಯಂತ್ರಿತ ಯಂತ್ರಗಳಿಂದ ಇಂಧನದ ಕೊಳವೆಗಳನ್ನು ತುಂಡುತುಂಡಾಗಿ ಕತ್ತರಿಸಿ, ಬಿಸಿ ನೈಟ್ರಿಕ್ ಆಮ್ಲದ ಪಾತ್ರೆಗೆ ಹಾಕಲಾಗುತ್ತದೆ. ಒಳಗಿನ ಬಿಲ್ಲೆಗಳು ಕರಗುತ್ತವೆ. ಹೊರಕೊಳವೆಯ ತುಂಡುಗಳು ಹಾಗೆಯೇ ಉಳಿಯುತ್ತವೆ.

ನೈಟ್ರಿಕ್ ಆಮ್ಲ ಪ್ರಬಲ ಉತ್ಕರ್ಷಣಕಾರಿ. ಅದೂ, ಕರಗುವಿಕೆಯಲ್ಲಿ ಹುಟ್ಟುವ ನೈಟ್ರಸ್ ಆಮ್ಲವೂ ಸೇರಿ ಅಯೋಡೈಡನ್ನು ಮೂಲಧಾತು ಅಯೋಡಿನ್ ಆಗಿ ಪರಿವರ್ತಿಸುತ್ತವೆ. ಕುದಿಯುವ ದ್ರಾವಣದಿಂದ ಅದು ಆವಿಯಾಗಿ ಮೇಲೇಳುತ್ತದೆ. ಇದು ವಿಜ್ಞಾನಕ್ಕೆ ಹೊಸ ಸಂಗತಿಯಲ್ಲ. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬ ತಯಾರಕರು ಕಡಲಕಳೆಯ ಬೂದಿಗೆ ಗಂಧಕಾಮ್ಲವನ್ನು ಹೆಚ್ಚಾಗಿ ಹಾಕಿದಾಗ ನೇರಳೆ ಹೊಗೆ ಎದ್ದಿತು. ಅಯೋಡಿನ್ ಎಂಬ ಮೂಲಧಾತು ಜಗತ್ತಿಗೆ ತಿಳಿದದ್ದು ಹಾಗೆ. ಮರುಸಂಸ್ಕರಣೆಯ ಪಾತ್ರೆಯಲ್ಲಿ ನಡೆಯುವುದು ತತ್ತ್ವತಃ ಅದೇ ಕ್ರಿಯೆ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಔಷಧೀಯ ಅಯೋಡಿನ್–131ರ ತಯಾರಿಕೆಯಲ್ಲಿಯೂ ಈ ಹಾರುವ ಗುಣವೇ ನೆರವಿಗೆ ಬರುತ್ತದೆ: ಸ್ಥಾವರದಲ್ಲಿಟ್ಟು ತೆಗೆದ ಟೆಲ್ಯೂರಿಯಂ ಸಂಯುಕ್ತವನ್ನು ಕಾಯಿಸಿ, ಹೊರಬಂದ ಅಯೋಡಿನ್ ಆವಿಯನ್ನು ಕ್ಷಾರದಲ್ಲಿ ಹಿಡಿಯಲಾಗುತ್ತದೆ.

ಎಲ್ಲ ಅಯೋಡಿನ್ ಹೀಗೆ ಒಮ್ಮೆಗೇ ಎದ್ದು ಬಂದರೆ ಕೆಲಸ ಸುಲಭವಾಗುತ್ತಿತ್ತು. ಬಹುಪಾಲು ಏಳುತ್ತದೆ, ತೊಂದರೆ ಇರುವುದು ಉಳಿದ ಅಲ್ಪ ಪಾಲಿನಲ್ಲಿ. ಬಿಸಿ ಆಮ್ಲದಲ್ಲಿ ಹೆಚ್ಚು ಹೊತ್ತು ಉಳಿದ ಅಯೋಡಿನ್‌ನ ಒಂದಂಶ ಇನ್ನೂ ಉತ್ಕರ್ಷಣಗೊಂಡು ಅಯೋಡೇಟ್ ಆಗುತ್ತದೆ ಮತ್ತು ದ್ರಾವಣದಲ್ಲಿಯೇ ಕುಳಿತುಬಿಡುತ್ತದೆ. ಇಂಧನದಲ್ಲಿ ವಿದಳನದಿಂದಲೇ ಹುಟ್ಟಿರುವ ಬೆಳ್ಳಿ ಮತ್ತು ಪಲೇಡಿಯಂಗಳೊಂದಿಗೆ ಇನ್ನೊಂದಂಶ ಕೂಡಿಕೊಂಡು, ಕರಗದ ನುಣ್ಣನೆಯ ಗಸಿಯಾಗಿ ತಳಕ್ಕೆ ಸೇರುತ್ತದೆ. ಇವುಗಳನ್ನು ಹೊರಡಿಸಲು ದ್ರಾವಣದ ಮೂಲಕ ಸಾರಜನಕದ ಆಕ್ಸೈಡ್ ಅನಿಲವನ್ನು ಹಾಯಿಸಲಾಗುತ್ತದೆ. ಅದರಿಂದ ಉಂಟಾಗುವ ನೈಟ್ರಸ್ ಆಮ್ಲ ಅಯೋಡೇಟನ್ನು ಅಪಕರ್ಷಿಸಿ ಮತ್ತೆ ಮೂಲಧಾತು ಅಯೋಡಿನ್‌ಗೆ ತರುತ್ತದೆ. ನೈಟ್ರಸ್ ಆಮ್ಲದ ಈ ಎರಡು ಮುಖ ಗಮನಾರ್ಹ: ಅಯೋಡೈಡನ್ನು ಮೇಲಕ್ಕೆತ್ತಿ, ಅಯೋಡೇಟನ್ನು ಕೆಳಗಿಳಿಸಿ, ಎರಡನ್ನೂ ನಡುವಿನ ಹಾರುವ ರೂಪಕ್ಕೇ ಅದು ತರುತ್ತದೆ. ಕೆಲವು ಕ್ರಮಗಳಲ್ಲಿ ಸಾಧಾರಣ ಅಯೋಡಿನ್‌ನ ಸಂಯುಕ್ತವನ್ನು ಸ್ವಲ್ಪ ಸೇರಿಸಿ, ಅದರ ಜೊತೆಯಲ್ಲಿ ವಿಕಿರಣಶೀಲ ಅಯೋಡಿನ್ ಕೂಡ ಎದ್ದುಹೋಗುವಂತೆ ಮಾಡುವುದೂ ಉಂಟು.

ಈ ಹಂತದಲ್ಲಿ ಇಷ್ಟು ಶ್ರಮ ವಹಿಸುವುದಕ್ಕೆ ಕಾರಣವಿದೆ. ಮುಂದಿನ ಹಂತದಲ್ಲಿ ಆಮ್ಲದ ದ್ರಾವಣವನ್ನು ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ದ್ರಾವಕ ಮತ್ತು ಸೀಮೆಎಣ್ಣೆಯ ಜಾತಿಯ ಎಣ್ಣೆಯ ಮಿಶ್ರಣದೊಂದಿಗೆ ಬೆರೆಸಿ, ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಎಣ್ಣೆಯ ಪದರಕ್ಕೆ ಸೆಳೆಯಲಾಗುತ್ತದೆ. ದ್ರಾವಣದಲ್ಲಿ ಅಯೋಡಿನ್ ಉಳಿದಿದ್ದರೆ ಅದೂ ಎಣ್ಣೆಗೆ ಹೋಗುತ್ತದೆ ಮತ್ತು ಎಣ್ಣೆಯ ಇಂಗಾಲದೊಂದಿಗೆ ಕೂಡಿ ಮೀಥೈಲ್ ಅಯೋಡೈಡ್ ಮುಂತಾದ ಸಾವಯವ ಸಂಯುಕ್ತಗಳಾಗುತ್ತದೆ. ಆ ನಂತರ ಅದು ಯಾವ ಪಾತ್ರೆಯಿಂದ, ಯಾವ ಕೊಳವೆಯಿಂದ ಹೊರಬರುವುದೆಂದು ಹೇಳುವುದು ಕಷ್ಟ. ಮೂಲಧಾತು ಅಯೋಡಿನ್‌ಗಿಂತ ಮೀಥೈಲ್ ಅಯೋಡೈಡನ್ನು ಶೋಧಕಗಳಲ್ಲಿ ಹಿಡಿಯುವುದೂ ಕಠಿಣ. ಆದುದರಿಂದಲೇ ಅಯೋಡಿನ್ ಅನ್ನು ಮೊದಲ ಪಾತ್ರೆಯಲ್ಲಿಯೇ ಪೂರ್ತಿಯಾಗಿ ಆವಿಯಾಗಿಸಿ, ಒಂದೇ ದಾರಿಯಲ್ಲಿ ಹೊರಡಿಸಿ ಹಿಡಿಯುವುದು ಉತ್ತಮ ಕ್ರಮವೆನಿಸಿದೆ.

ಆವಿಯನ್ನು ಹಿಡಿಯುವುದು

ಆಮ್ಲದ ಪಾತ್ರೆಯಿಂದ ಮೇಲೆದ್ದ ಅನಿಲದಲ್ಲಿ ಅಯೋಡಿನ್ ಜೊತೆಗೆ ಸಾರಜನಕದ ಆಕ್ಸೈಡ್‌ಗಳು, ನೀರಾವಿ, ಆಮ್ಲದ ಆವಿ ಇರುತ್ತವೆ. ಅಣುವಿದ್ಯುತ್ ಸ್ಥಾವರಗಳ ಗಾಳಿ ಶೋಧಕಗಳಲ್ಲಿ ಅಯೋಡಿನ್ ಹಿಡಿಯಲು ವಿಶೇಷವಾಗಿ ಸಂಸ್ಕರಿಸಿದ ಇದ್ದಿಲನ್ನು ಬಳಸುತ್ತಾರೆ. ಅದೇ ಇದ್ದಿಲನ್ನು ಇಲ್ಲಿ ಬಳಸಲಾಗದು. ಸಾರಜನಕದ ಆಕ್ಸೈಡ್‌ಗಳು ಅದರ ಗುಣವನ್ನು ಕೆಡಿಸುವುದಲ್ಲದೆ ಬೆಂಕಿಯ ಅಪಾಯವನ್ನೂ ತರುತ್ತವೆ.

ಸರಳವಾದ ವಿಧಾನ ಕಾಸ್ಟಿಕ್ ಸೋಡಾ ದ್ರಾವಣದಿಂದ ತೊಳೆಯುವುದು. ಕ್ಷಾರದಲ್ಲಿ ಅಯೋಡಿನ್ ಅಯೋಡೈಡ್ ಮತ್ತು ಅಯೋಡೇಟ್ ಆಗಿ ಒಡೆದು ನೀರಿನಲ್ಲಿ ನಿಲ್ಲುತ್ತದೆ. ಪಾದರಸದ ನೈಟ್ರೇಟ್ ದ್ರಾವಣದಿಂದ ತೊಳೆಯುವ ವಿಧಾನವೂ ಇದೆ. ಅದು ಸಾವಯವ ಅಯೋಡೈಡ್‌ಗಳನ್ನೂ ಹಿಡಿಯುತ್ತದೆ, ಆದರೆ ಕೊನೆಯಲ್ಲಿ ಪಾದರಸವಿರುವ ತ್ಯಾಜ್ಯವನ್ನು ಉಳಿಸುತ್ತದೆ. ಎಲ್ಲಕ್ಕಿಂತ ಭದ್ರವಾದದ್ದು ಬೆಳ್ಳಿ. ಬೆಳ್ಳಿಯ ನೈಟ್ರೇಟನ್ನು ಹೀರಿಕೊಂಡ ಸಿಲಿಕಾ ಗುಂಡುಗಳ ಮೇಲೆ ಅಥವಾ ಬೆಳ್ಳಿ ತುಂಬಿದ ಜಿಯೋಲೈಟ್ ಖನಿಜದ ಮೇಲೆ ಬಿಸಿ ಅನಿಲವನ್ನು ಹಾಯಿಸಿದಾಗ ಅಯೋಡಿನ್ ಬೆಳ್ಳಿಗೆ ಅಂಟಿಕೊಂಡು ಸಿಲ್ವರ್ ಅಯೋಡೈಡ್ ಆಗುತ್ತದೆ. ಈ ಹಳದಿ ವಸ್ತು ನೀರಿನಲ್ಲಿ ಬಹುತೇಕ ಕರಗುವುದೇ ಇಲ್ಲ. ಒಂದು ಗ್ರಾಂ ಅಯೋಡಿನ್–129ಕ್ಕೆ ಲೆಕ್ಕದ ಪ್ರಕಾರವೇ ಮುಕ್ಕಾಲು ಗ್ರಾಂಗಿಂತ ಹೆಚ್ಚು ಬೆಳ್ಳಿ ಬೇಕು. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ತಗಲುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1971ರಿಂದ 1990ರವರೆಗೆ ನಡೆದ ಘಟಕದಲ್ಲಿ ಬೆಳ್ಳಿಯ ಶೋಧಕಗಳನ್ನು ಬಳಸಲಾಗಿತ್ತು. ಹ್ಯಾನ್‌ಫರ್ಡ್‌ನಲ್ಲಿಯೂ 1950ರ ದಶಕದ ಆರಂಭದಲ್ಲಿ ಬೆಳ್ಳಿಯ ಸಾಧನಗಳನ್ನು ಅಳವಡಿಸಿದ ಮೇಲೆ ಹೊರಬೀಳುವ ಅಯೋಡಿನ್ ಬಹುವಾಗಿ ಇಳಿಯಿತು. ಮೊದಲ ಘಟಕಗಳನ್ನು ಕಟ್ಟುವಾಗಲೇ ಇದನ್ನು ಮಾಡದಿದ್ದುದು ಬೆಳ್ಳಿಯ ಗುಣ ತಿಳಿಯದೆ ಅಲ್ಲವೆಂಬುದನ್ನು ಗಮನಿಸಬೇಕು. ಬೆಳ್ಳಿ ಮತ್ತು ಅಯೋಡಿನ್‌ಗಳ ಒಲವು ಅದಕ್ಕೂ ನೂರು ವರ್ಷ ಹಿಂದೆಯೇ ಛಾಯಾಚಿತ್ರ ತೆಗೆಯುವವರಿಗೆ ಚೆನ್ನಾಗಿ ತಿಳಿದಿತ್ತು.

ಹಿಡಿದ ನಂತರ

ಮರುಸಂಸ್ಕರಣೆಯ ಅತಿ ವಿಕಿರಣಶೀಲ ತ್ಯಾಜ್ಯವನ್ನು ಗಾಜಿನೊಂದಿಗೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಎರಕ ಹೊಯ್ಯಲಾಗುತ್ತದೆ. ಟ್ರಾಂಬೆ, ತಾರಾಪುರ ಮತ್ತು ಕಲ್ಪಾಕ್ಕಂಗಳಲ್ಲಿ ಇದಕ್ಕಾಗಿ ಘಟಕಗಳಿವೆ. ಆದರೆ ಅಯೋಡಿನ್‌ಗೆ ಈ ದಾರಿ ಒದಗುವುದಿಲ್ಲ. ಗಾಜನ್ನು ಕರಗಿಸಲು ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಶಾಖ ಬೇಕು. ಅಷ್ಟು ಬಿಸಿಯಲ್ಲಿ ಅಯೋಡಿನ್ ಗಾಜಿನೊಳಗೆ ನಿಲ್ಲದೆ ಮತ್ತೆ ಆವಿಯಾಗಿ ಹೋಗುತ್ತದೆ. ಆದುದರಿಂದ ಅದನ್ನು ಬೇರೆಯಾಗಿಯೇ, ಕಡಿಮೆ ಶಾಖದಲ್ಲಿ ಸಿದ್ಧವಾಗುವ ವಸ್ತುವಿನಲ್ಲಿ ಬಂಧಿಸಬೇಕು. 1 ಕೋಟಿ 57 ಲಕ್ಷ ವರ್ಷಗಳ ಅರ್ಧಾಯುಷ್ಯದ ವಸ್ತುವಿಗೆ ತಕ್ಕ ಪಾತ್ರೆ ಯಾವುದೆಂಬುದು ಜಗತ್ತಿನಾದ್ಯಂತ ಸಂಶೋಧನೆಯ ವಿಷಯವಾಗಿಯೇ ಉಳಿದಿದೆ.

ಫ್ರಾನ್ಸಿನ ಲಾ ಹೇಗ್ ಮತ್ತು ಬ್ರಿಟನ್ನಿನ ಸೆಲ್ಲಾಫೀಲ್ಡ್ ಘಟಕಗಳು ಬೇರೆ ಕ್ರಮವನ್ನು ಅನುಸರಿಸಿದವು. ಕ್ಷಾರದಲ್ಲಿ ಹಿಡಿದ ಅಯೋಡಿನ್–129ರ ಬಹುಭಾಗವನ್ನು ಅನುಮತಿಸಿದ ಮಿತಿಯೊಳಗೆ ಸಮುದ್ರಕ್ಕೆ ಬಿಡಲಾಯಿತು. ಸಮುದ್ರದಲ್ಲಿ ಸಾಧಾರಣ ಅಯೋಡಿನ್ ಹೇರಳವಾಗಿರುವುದರಿಂದ ಅದರಲ್ಲಿ ಇದು ಬೆರೆತು ದುರ್ಬಲವಾಗುತ್ತದೆ ಎಂಬುದು ಈ ಕ್ರಮದ ಸಮರ್ಥನೆ. ಹೀಗೆ ಸೇರಿದ ಒಟ್ಟು ಪ್ರಮಾಣ ಕೆಲವು ಸಾವಿರ ಕಿಲೋಗ್ರಾಂಗಳಷ್ಟಾಗಿದ್ದು, ಆರ್ಕ್‌ಟಿಕ್ ಸಾಗರದವರೆಗೂ ಅದರ ಜಾಡು ಸಿಗುತ್ತದೆ. ಸಾಗರ ಪ್ರವಾಹಗಳನ್ನು ಅಭ್ಯಸಿಸುವ ವಿಜ್ಞಾನಿಗಳು ಅದನ್ನೇ ಗುರುತಾಗಿ ಬಳಸಿಕೊಳ್ಳುತ್ತಿದ್ದಾರೆ. ನೆರೆಯ ರಾಷ್ಟ್ರಗಳಿಗೆ ಈ ಸಮರ್ಥನೆ ಒಪ್ಪಿಗೆಯಾಗಲಿಲ್ಲ. ಈಶಾನ್ಯ ಅಟ್ಲಾಂಟಿಕ್ ತೀರದ ರಾಷ್ಟ್ರಗಳ ಸಚಿವರು 1998ರಲ್ಲಿ ಪೋರ್ಚುಗಲ್‌ನ ಸಿಂತ್ರಾದಲ್ಲಿ ಸೇರಿ, ಸಮುದ್ರಕ್ಕೆ ಬಿಡುವ ವಿಕಿರಣಶೀಲ ವಸ್ತುಗಳನ್ನು ಕ್ರಮೇಣ ತಗ್ಗಿಸಬೇಕೆಂದು ಘೋಷಿಸಿದರು. ಸೆಲ್ಲಾಫೀಲ್ಡ್‌ನಲ್ಲಿ ಮರುಸಂಸ್ಕರಣೆ 2022ರಲ್ಲಿ ನಿಂತಿದೆ.

ಮಾತ್ರೆ ಮತ್ತು ಉಪ್ಪಿನ ಬಗ್ಗೆ

ಮೇಲ್ಕಂಡ ವಿವರಗಳಿಂದ ನಾಗರಿಕರಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಯೋಡಿನ್–131 ದೊಡ್ಡ ಪ್ರಮಾಣದಲ್ಲಿ ಇರುವುದು ನಡೆಯುತ್ತಿರುವ ಅಥವಾ ಈಚೆಗಷ್ಟೇ ನಿಂತ ಸ್ಥಾವರದ ಇಂಧನದಲ್ಲಿ. ವರ್ಷಗಟ್ಟಲೆ ತಣಿದ ಇಂಧನದಲ್ಲಾಗಲಿ, ಅದನ್ನು ಮರುಸಂಸ್ಕರಿಸುವ ಘಟಕದಲ್ಲಾಗಲಿ ಅದು ಇರುವುದಿಲ್ಲ. ಅಯೋಡಿನ್ ಮಾತ್ರೆಗಳು ಉಪಯೋಗಕ್ಕೆ ಬರುವುದು ಅಯೋಡಿನ್–131 ಗಾಳಿಗೆ ಸೇರುವಂತಹ ಸ್ಥಾವರದ ತುರ್ತು ಪರಿಸ್ಥಿತಿಯಲ್ಲಿ ಮಾತ್ರ. ಮರುಸಂಸ್ಕರಣೆಗಾಗಲಿ, ಬಳಕೆಯಾದ ಇಂಧನದ ಸಾಗಾಣಿಕೆಗಾಗಲಿ ಆ ಮಾತ್ರೆಗಳ ಸಂಬಂಧವಿಲ್ಲ.

ಮಾತ್ರೆಯ ತತ್ತ್ವ ಸರಳವಾದದ್ದು. ಥೈರಾಯ್ಡ್ ಗ್ರಂಥಿಯನ್ನು ಸಾಧಾರಣ ಅಯೋಡಿನ್‌ನಿಂದ ಮೊದಲೇ ತುಂಬಿಸಿಬಿಟ್ಟರೆ ವಿಕಿರಣಶೀಲ ಅಯೋಡಿನ್‌ಗೆ ಅಲ್ಲಿ ಜಾಗ ಸಿಗುವುದಿಲ್ಲ. ವಯಸ್ಕರಿಗೆ ಇದಕ್ಕಾಗಿ ಸುಮಾರು 100 ಮಿ.ಗ್ರಾಂ. ಅಯೋಡಿನ್ ಬೇಕು, 130 ಮಿ.ಗ್ರಾಂ. ಪೊಟ್ಯಾಸಿಯಂ ಅಯೋಡೈಡ್ ಅಥವಾ 170 ಮಿ.ಗ್ರಾಂ. ಪೊಟ್ಯಾಸಿಯಂ ಅಯೋಡೇಟ್‌ನಲ್ಲಿ ಅಷ್ಟು ಇರುತ್ತದೆ. ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಕಡಿಮೆ. ಇದನ್ನು ವಿಕಿರಣಶೀಲ ಅಯೋಡಿನ್ ತಲುಪುವ ಸ್ವಲ್ಪ ಮೊದಲು ಅಥವಾ ತಲುಪಿದ ಕೆಲವೇ ಗಂಟೆಗಳೊಳಗೆ ತೆಗೆದುಕೊಂಡರೆ ಮಾತ್ರ ಫಲ. ಒಂದು ದಿನ ತಡವಾದರೆ ಲಾಭಕ್ಕಿಂತ ಹಾನಿಯೇ ಹೆಚ್ಚಾಗಬಹುದು. ಆದ್ದರಿಂದ ಅಧಿಕಾರಿಗಳ ಸೂಚನೆಯಿಲ್ಲದೆ, ಸುದ್ದಿ ಕೇಳಿದ ಮಾತ್ರಕ್ಕೆ ಮಾತ್ರೆ ನುಂಗತಕ್ಕದ್ದಲ್ಲ. ಥೈರಾಯ್ಡ್ ಕಾಯಿಲೆ ಇರುವವರಿಗೆ ಇಷ್ಟು ಪ್ರಮಾಣದ ಅಯೋಡಿನ್ ತೊಂದರೆ ಉಂಟುಮಾಡಬಲ್ಲದು. ದೇಶದ ಅಣುವಿದ್ಯುತ್ ಸ್ಥಾವರಗಳ ಸುತ್ತ ಜಿಲ್ಲಾಡಳಿತ ಸಿದ್ಧಪಡಿಸುವ ತುರ್ತು ಯೋಜನೆಗೆ ಒಳಪಡುವ ವಲಯ 16 ಕಿ.ಮೀ. ತ್ರಿಜ್ಯದ್ದು. ಕೊಟ್ಟೂರು ಮತ್ತು ನೆರೆಯ ನಾಲ್ಕು ತಾಲ್ಲೂಕುಗಳು ಕೈಗಾದ ಈ ವಲಯದಿಂದ ಬಹುದೂರದಲ್ಲಿವೆ. ಇಷ್ಟು ದೂರದಲ್ಲಿ, ತುರ್ತು ಸಂದರ್ಭದಲ್ಲಿಯೂ ಗಮನ ಹರಿಸಬೇಕಾದದ್ದು ಮಾತ್ರೆಯ ಮೇಲಲ್ಲ, ಹಾಲು ಮತ್ತು ಆಹಾರದ ತಪಾಸಣೆಯ ಮೇಲೆ. ಬ್ರಿಟನ್ನಿನ ವಿಂಡ್‌ಸ್ಕೇಲ್ ಸ್ಥಾವರದಲ್ಲಿ 1957ರ ಅಕ್ಟೋಬರ್‌ನಲ್ಲಿ ಬೆಂಕಿ ಬಿದ್ದಾಗ, ಸುತ್ತಲಿನ ಸುಮಾರು 500 ಚದರ ಕಿ.ಮೀ. ಪ್ರದೇಶದ ಹಾಲಿನ ಮಾರಾಟವನ್ನು ಕೆಲವು ವಾರಗಳ ಕಾಲ ನಿಷೇಧಿಸಿದ್ದು ಇದಕ್ಕಾಗಿಯೇ.

ಅಯೋಡಿನ್‌ಯುಕ್ತ ಉಪ್ಪನ್ನು ಹೆಚ್ಚಾಗಿ ತಿಂದರೆ ವಿಕಿರಣದಿಂದ ರಕ್ಷಣೆ ದೊರೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಪಘಾತವಾದಾಗ ಚೀನಾದ ಹಲವು ನಗರಗಳಲ್ಲಿ ಜನ ಉಪ್ಪಿಗಾಗಿ ಮುಗಿಬಿದ್ದರು. ಗ್ರಾಹಕರ ಮಟ್ಟದಲ್ಲಿ ಒಂದು ಕಿಲೋ ಉಪ್ಪಿನಲ್ಲಿ ಇರಬೇಕಾದ ಕನಿಷ್ಠ ಅಯೋಡಿನ್ 15 ಮಿ.ಗ್ರಾಂ. ಈ ಲೆಕ್ಕದಲ್ಲಿ ಒಂದು ಮಾತ್ರೆಯಷ್ಟು ಅಯೋಡಿನ್ ಪಡೆಯಲು ಆರೂವರೆ ಕಿಲೋಗಿಂತ ಹೆಚ್ಚು ಉಪ್ಪನ್ನು ಒಮ್ಮೆಗೇ ತಿನ್ನಬೇಕಾಗುತ್ತದೆ. ಉಪ್ಪಿನ ಅಯೋಡಿನ್ ಇರುವುದು ದಿನಕ್ಕೆ 150 ಮೈಕ್ರೋಗ್ರಾಂನ ನಿತ್ಯದ ಅಗತ್ಯಕ್ಕಾಗಿ, ಗಳಗಂಡವನ್ನೂ ಮಕ್ಕಳ ಬುದ್ಧಿಮಾಂದ್ಯವನ್ನೂ ತಡೆಯುವುದಕ್ಕಾಗಿ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ನಿತ್ಯವೂ ಸಾಕಷ್ಟು ಅಯೋಡಿನ್ ದೊರೆಯುವವರ ಗ್ರಂಥಿ, ಕೊರತೆಯಿಂದ ಹಸಿದ ಗ್ರಂಥಿಗಿಂತ ಹೊರಗಿನ ಅಯೋಡಿನ್ ಅನ್ನು ಕಡಿಮೆ ಹೀರುತ್ತದೆ ಎಂಬುದೂ ನಿಜ. ಪೊಟ್ಟಣವನ್ನು ಬಾಯಿ ಮುಚ್ಚಿದ ಡಬ್ಬಿಯಲ್ಲಿ, ತೇವ ಮತ್ತು ಒಲೆಯ ಬಿಸಿಯಿಂದ ದೂರವಿಡುವುದು ಸೂಕ್ತ.

ಹೆಚ್ಚಿನ ಮಾಹಿತಿ ಪಡೆಯುವ ವಿಧಾನ

ಅಣುವಿದ್ಯುತ್ ಸ್ಥಾವರ, ಮರುಸಂಸ್ಕರಣೆ ಮತ್ತು ವಿಕಿರಣ ಸುರಕ್ಷತೆಯ ವಿಷಯಗಳು ಕೇಂದ್ರ ಸರ್ಕಾರಕ್ಕೆ ಸೇರಿವೆ. ಕೈಗಾ ಸ್ಥಾವರವನ್ನು ನಡೆಸುವುದು ಭಾರತೀಯ ಅಣುವಿದ್ಯುತ್ ನಿಗಮ. ಸುರಕ್ಷತೆಯ ಮೇಲ್ವಿಚಾರಣೆ 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯದು. ಎರಡರ ಕೇಂದ್ರ ಕಛೇರಿಗಳೂ ಮುಂಬಯಿಯಲ್ಲಿವೆ. ಗಾಳಿ, ನೀರು, ಹಾಲುಗಳ ವಿಕಿರಣ ಮಾಪನದ ವರದಿ ಮುಂತಾದವುಗಳನ್ನು ಬಯಸುವ ನಾಗರಿಕರು ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ಈ ಸಂಸ್ಥೆಗಳ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರು ದಾಖಲೆಯ ಪ್ರತಿ ಲಗತ್ತಿಸಿದಲ್ಲಿ ಶುಲ್ಕವಿರುವುದಿಲ್ಲ. ಅಂಚೆಯ ಮೂಲಕ ಅಥವಾ ಕೇಂದ್ರ ಸರ್ಕಾರದ ಮಾಹಿತಿ ಹಕ್ಕು ಅಂತರ್ಜಾಲ ತಾಣದ ಮೂಲಕ ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರ ನೀಡಬೇಕು.

ಅರ್ಜಿಯನ್ನು ತಪ್ಪಾಗಿ ತಾಲ್ಲೂಕು ಕಛೇರಿಗೆ ಸಲ್ಲಿಸಿದ್ದರೂ ಅದು ವ್ಯರ್ಥವಾಗುವುದಿಲ್ಲ. ಅಧಿನಿಯಮದ 6(3)ನೇ ಪ್ರಕರಣದಂತೆ ಸ್ವೀಕರಿಸಿದ ಕಛೇರಿಯು 5 ದಿನಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ದೇಶದ ಭದ್ರತೆ ಮತ್ತು ವೈಜ್ಞಾನಿಕ ಹಿತಾಸಕ್ತಿಗೆ ಧಕ್ಕೆ ತರುವ ಮಾಹಿತಿಯನ್ನು 8(1)(ಎ) ಪ್ರಕರಣದಡಿ ನಿರಾಕರಿಸಲು ಅವಕಾಶವಿದೆ. ಮರುಸಂಸ್ಕರಣಾ ಘಟಕಗಳ ಕೆಲವು ವಿವರಗಳು ಇದರ ವ್ಯಾಪ್ತಿಗೆ ಬರಬಹುದು. ನಿರಾಕರಣೆಗೆ ಕಾರಣವನ್ನು ಲಿಖಿತವಾಗಿ ನೀಡಬೇಕು. ತೃಪ್ತರಾಗದ ಅರ್ಜಿದಾರರು 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೂ, ಆ ನಂತರ 90 ದಿನಗಳೊಳಗೆ ನವದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೂ ಮೇಲ್ಮನವಿ ಸಲ್ಲಿಸಬಹುದಾಗಿದೆ.